ಅಲ್ಪಾಕದ ಪರವಾಗಿ ಒಂದು ಅರ್ಜಿ

'ನನಗೆ ಗೊತ್ತಿಲ್ಲ' ಎಂದು ಹೇಳಲು ನನ್ನ ನಾಲಗೆ ಹೊರಳುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಹೆಂಡತಿ ಸುನಂದಾ ಮದುವೆಯಾದ ವಾರದಲ್ಲೇ ತೀರ್ಪು ಕೊಟ್ಟಿದ್ದಾಳೆ. ಕಾಣದ ಊರಿನಲ್ಲಿ ಯಾರಾದರೂ ನನ್ನನ್ನು ದಾರಿ ಕೇಳಿದರೆ 'ಎಡಕ್ಕೆ ಹೋಗಿ' ಎಂದು ಗಂಭೀರವಾಗಿ ಹೇಳಿಬಿಡುತ್ತೇನೆ. ಅರ್ಧದಷ್ಟು ಸಲ ಅದು ಎಡಕ್ಕೇ ಇರುತ್ತದೆ. ಉಳಿದರ್ಧ ಜನ ತಿರುಗಿ ಬಂದು ನನ್ನನ್ನು ಹುಡುಕಿದರೋ ಇಲ್ಲವೋ, ನಾನು ಅಲ್ಲಿ ನಿಂತು ನೋಡಿದವನಲ್ಲ.

ಈ ಗುಣದಿಂದಲೇ ನಾನು ದುಬೈಯಲ್ಲಿ ಅಲ್ಪಾಕ ಸಾಕುವವನಾದೆ. ಅಲ್ಪಾಕವೆಂದರೆ ದಕ್ಷಿಣ ಅಮೆರಿಕದ ಬೆಟ್ಟಗಳ ಪ್ರಾಣಿ, ಒಂಟೆಯ ದೂರದ ದಾಯಾದಿ. ಮೈತುಂಬ ಕುರಿಯ ಉಣ್ಣೆ, ಉದ್ದ ಕತ್ತು, ಮೊದಲ ಪಂಕ್ತಿಯಲ್ಲಿ ಎಲೆ ಸಿಗದ ಬೀಗರ ಮುಖ. ದೇರಾದಲ್ಲಿ ನಮ್ಮ ಅರ್ಬಾಬರದ್ದು, ಅಂದರೆ ಧಣಿಗಳದ್ದು, ಮಸಾಲೆ ಸಾಮಾನಿನ ಸಗಟು ವ್ಯಾಪಾರ. ಅಲ್ಲಿ ಕಾಗದಪತ್ರ ಬರೆಯುವವನು ನಾನು. ಅರ್ಬಾಬರು ಬಾಯಿಮಾತನ್ನು ಲೆಕ್ಕಕ್ಕಿಡುವವರಲ್ಲ. ಆಫೀಸಿಗೆ ಹೊಸ ಪೊರಕೆ ಬೇಕಾದರೂ ಕಾರಣ ಸಮೇತ ಅರ್ಜಿ ಕೊಡಬೇಕು. ನಾನು ಬರೆದ ಅರ್ಜಿ ಇದುವರೆಗೆ ಒಂದೂ ತಿರಸ್ಕಾರವಾಗಿಲ್ಲ. ಆದರೆ ಎಲ್ಲವೂ ಬೇರೆಯವರಿಗಾಗಿ ಬರೆದವು. ಸುನಂದಾ ಮಂಗಳೂರಿನಲ್ಲೇ ಇದ್ದಳು. ಫ್ಯಾಮಿಲಿ ವೀಸಾದ ಮಾತೆತ್ತಿದಾಗಲೆಲ್ಲ "ಬರುವ ವರ್ಷ ನೋಡುವ, ಇಲ್ಲಿ ಎಂಥಾ ಸೆಕೆ ಗೊತ್ತುಂಟಾ?" ಎನ್ನುತ್ತಿದ್ದೆ. ಏಳು ವರ್ಷ ಹಾಗೆಯೇ ಕಳೆದಿತ್ತು. ನನಗಂತೂ ಒಬ್ಬನೇ ಇದ್ದು ಅಭ್ಯಾಸವಾಗಿದೆ ಎಂಬ ಧೈರ್ಯವಿತ್ತು.

ಒಂದು ದಿನ ಅರ್ಬಾಬರು ಫೋನಿನಲ್ಲಿ ಅಲ್ಪಾಕದ ಫೋಟೊ ತೋರಿಸಿ, ಇದನ್ನು ನನ್ನ ಸಣ್ಣ ತೋಟಕ್ಕೆ ತರಿಸುತ್ತಿದ್ದೇನೆ, ಪ್ರಾಣಿ ಸಾಕಿ ಗೊತ್ತಿರುವವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. "ನಮ್ಮ ಮನೆಯಲ್ಲಿ ಆರು ದನ ಇದ್ದವು" ಎಂದೆ. ಅವುಗಳನ್ನು ನೋಡಿಕೊಂಡದ್ದು ಅಮ್ಮ ಎಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಖಲಾಸ್! ಮುಗಿಯಿತು, ನೀನೇ ನೋಡಿಕೋ" ಎಂದರು. ನಾನು ಗಂಟುಮೂಟೆ ಕಟ್ಟಿಕೊಂಡು ತೋಟದ ಕೋಣೆಗೆ ಹೋದೆ.

ಸುಲ್ತಾನ್ ಎಂಬ ಹೆಸರು ಹೊತ್ತು ಅದು ಬಂದಿಳಿಯಿತು. ನಾಲ್ಕು ಕಾಲು, ಒಂದು ಬಾಲ, ದನಕ್ಕಿಂತ ಹೆಚ್ಚೇನಿದೆ? ಹಿಂಡಿ ನೆನೆಸಿ, ಅಕ್ಕಿ ತೊಳೆದ ಅಕ್ಕಚ್ಚು ಬೆರೆಸಿ ಬಕೆಟ್ ಮುಂದಿಟ್ಟೆ. ಮೂಸಿ ನೋಡಿ ನನ್ನ ಮುಖಕ್ಕೇ ಉಗಿಯಿತು. ಪಾಪ, ಸೆಕೆ ಇರಬೇಕು ಎಂದು ಪೈಪು ಹಿಡಿದು, ಅಮ್ಮ ದನಗಳಿಗೆ ಮಾಡುತ್ತಿದ್ದ ಹಾಗೆ, ನೆತ್ತಿಯಿಂದ ಬಾಲದವರೆಗೆ ಭರ್ಜರಿ ಸ್ನಾನ ಮಾಡಿಸಿದೆ. ಅದು ನೆನೆದ ಹಾಸಿಗೆಯ ಹಾಗೆ ಕುಸಿದು ಕೂತು ಏದುಸಿರು ಬಿಡತೊಡಗಿತು. ಆಮೇಲೆ ಎದ್ದು ಗೋಡೆಗೆ ಮುಖ ಮಾಡಿ ನಿಂತಿತು. ಸುನಂದಾ ವಿಡಿಯೊದಲ್ಲಿ ನೋಡಿ, "ದೃಷ್ಟಿ ಆಗಿದೆ, ಉಪ್ಪು ಮೆಣಸು ನಿವಾಳಿಸಿ ಹಾಕಿ" ಎಂದಳು. ಮೆಣಸಿಗೆ ನಮ್ಮಲ್ಲಿ ಬರವೇ? ನಿವಾಳಿಸಿದೆ. ಇನ್ನೊಮ್ಮೆ ಉಗಿಸಿಕೊಂಡೆ.

ಮೂರನೆಯ ದಿನವೂ ಅದು ಮೇವು ಮುಟ್ಟದಿದ್ದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಎಲ್ಲಿಂದಲೋ ಬಂದ ಬಡಪಾಯಿ ಜೀವ ನನ್ನ ಬಡಾಯಿಗೆ ಸಾಯುತ್ತದಲ್ಲ! ಒಂಟೆಗಳ ಡಾಕ್ಟರಾದ ಧಾರವಾಡ ಕಡೆಯ ಹಿರೇಮಠರನ್ನು ಕರೆಸಿದೆ.

"ಏನ್ರೀ ಇದು? ಎಮ್ಮಿ ಮೈ ತೊಳದಂಗ ತೊಳದೀರಲ್ಲ! ಉಣ್ಣಿ ತೊಯ್ದ್ರ ಮೈಯಾಗಿನ ಕಾವು ಹೊರಗ ಹೋಗೂದಿಲ್ಲ. ಹೊಟ್ಟಿಗೆ, ಕಾಲಿಗೆ ಅಷ್ಟ ನೀರು ಹೊಡೀರಿ. ಮೊದಲ ಉಣ್ಣಿ ಕತ್ತರಸ್ರಿ. ಒಣಹುಲ್ಲು ಹಾಕ್ರಿ, ಅಕ್ಕಚ್ಚು ಗಿಕ್ಕಚ್ಚು ಬ್ಯಾಡ."

"ನಾನೂ ಅದೇ ಅಂದುಕೊಂಡಿದ್ದೆ ಡಾಕ್ಟ್ರೇ" ಎಂದೆ.

ಉಣ್ಣೆ ಕತ್ತರಿಸಿದ ಮೇಲೆ ಏದುಸಿರು ನಿಂತಿತು, ಉಪವಾಸ ನಿಲ್ಲಲಿಲ್ಲ. ಡಾಕ್ಟರು ಮರುದಿನ ಮತ್ತೆ ಬಂದು ಎಲ್ಲ ಪರೀಕ್ಷೆ ಮಾಡಿ ಹೇಳಿದರು: "ಮೈಯಾಗ ಏನೂ ಇಲ್ರೀ. ಇದು ಒಂದ ಇರೋ ಪ್ರಾಣಿ ಅಲ್ಲ. ಇದಕ್ಕ ಇದರ ಮಂದಿ ಬೇಕು. ಹಿಂಗ ಒಂಟಿ ಇಟ್ರ ಗ್ವಾಡಿ ನೋಡ್ಕೋತ ಸಾಯ್ತದ."

ಇಂಥಲ್ಲಿ ನಾನು ಹಿಂದೆ ಬೀಳುವವನಲ್ಲ. ಅಲ್ಲೇ ಕಂಪ್ಯೂಟರಿನ ಮುಂದೆ ಕೂತು ಅರ್ಬಾಬರಿಗೆ ಅರ್ಜಿ ಬರೆದೆ: 'ಸುಲ್ತಾನ್ ತನ್ನವರನ್ನು ಬಿಟ್ಟು ದೂರದೇಶದಲ್ಲಿ ಒಬ್ಬಂಟಿಯಾಗಿದೆ. ಊಟ ಸೇರುವುದಿಲ್ಲ. ಗೋಡೆ ನೋಡುತ್ತ ದಿನ ಕಳೆಯುತ್ತದೆ. ಸಮಾಧಾನ ಹೇಳಲು ಹೋದವರ ಮೇಲೆ ಉಗಿಯುತ್ತದೆ. ಆದ್ದರಿಂದ ತಕ್ಷಣ ಇದರ ಮಂದಿಯನ್ನು ಕರೆಸಿಕೊಡಬೇಕಾಗಿ ಪ್ರಾರ್ಥನೆ.' ಅರ್ಬಾಬರು ಎರಡು ಸಲ ಓದಿ ಕಣ್ಣೊರೆಸಿಕೊಂಡು "ಯಲ್ಲಾ!" ಎಂದರು, ಅಂದರೆ ಆಗಲಿ, ನಡೆಯಲಿ. ಎರಡೇ ದಿನದಲ್ಲಿ ಅಬುಧಾಬಿ ಕಡೆಯ ತೋಟವೊಂದರಿಂದ ಇನ್ನೆರಡು ಅಲ್ಪಾಕ ಬಂದವು. ಸುಲ್ತಾನ್ ಗೋಡೆ ಬಿಟ್ಟು ಓಡಿತು. ಮೂರೂ ಕತ್ತಿಗೆ ಕತ್ತು ಸೇರಿಸಿ ಮೂಗಿನಲ್ಲೇ ಏನೋ ಗುನುಗಿದವು. ಆಮೇಲೆ ಅದು ಹುಲ್ಲಿಗೆ ಬಾಯಿ ಹಾಕಿತು. ನನಗೆ ಅಳುವೇ ಬಂತು.

ಸಂಜೆ ಊಟಕ್ಕೆ ಕೂತು ಸುನಂದಾಗೆ ವಿಡಿಯೊ ಕಾಲ್ ಮಾಡಿ ನನ್ನ ಪ್ರತಾಪವನ್ನೆಲ್ಲ ಕೊಚ್ಚಿದೆ. ಅರ್ಜಿಯನ್ನೂ ಓದಿದೆ. ಅವಳು ಫೋನಿಗೆ ಮುಖ ಹತ್ತಿರ ತಂದಳು.

"ಎಂತ ಊಟ ನಿಮ್ಮದು? ತೋರಿಸಿ."

ತೋರಿಸಿದೆ. ನಿನ್ನೆಯ ಖುಬೂಸು ರೊಟ್ಟಿ, ಡಬ್ಬಿ ಮೊಸರು. ಎರಡು ತುತ್ತು ತಿಂದು ಬದಿಗಿಟ್ಟಿದ್ದೆ.

"ಫೋನ್ ಸ್ವಲ್ಪ ತಿರುಗಿಸಿ. ನಿಮ್ಮ ಎದುರಿಗೆ ಎಂತ ಉಂಟು?"

ತಿರುಗಿಸಿದೆ. ಒಂದು ಮೊಳ ದೂರದಲ್ಲಿ ಗೋಡೆ ಇತ್ತು.

ಫೋನನ್ನು ಆ ಗೋಡೆಗೇ ಒರಗಿಸಿಟ್ಟೆ. ಅರ್ಜಿಯ ಪ್ರತಿ ಕಂಪ್ಯೂಟರಿನಲ್ಲೇ ಇತ್ತು. ಸುಲ್ತಾನ್ ಎಂದಿದ್ದಲ್ಲಿ ನನ್ನ ಹೆಸರು ಹಾಕಿದೆ. ದೂರದೇಶ, ಊಟ, ಗೋಡೆ, ಯಾವುದನ್ನೂ ಮುಟ್ಟಬೇಕಾಗಲಿಲ್ಲ. ಉಗಿಯುವ ಸಾಲೊಂದನ್ನು ಮಾತ್ರ ತೆಗೆದು ಸುನಂದಾಗೆ ಓದಿ ಹೇಳಿದೆ.

"ಅದನ್ನು ಯಾಕೆ ತೆಗೆದದ್ದು?" ಎಂದಳು. "ಇರ್ಲಿ ಮಾರಾಯ್ರೆ. ಅರ್ಜಿಯಲ್ಲಾದ್ರೂ ಪೂರ್ತಿ ಸತ್ಯ ಬರೀರಿ."