ಮಾವ ನುಂಗಿದ ಕೆಂಪು ಅಣಬೆ

ನನ್ನ ಸೋದರಮಾವನಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ಅಣಬೆಯ ಹೆಸರು ಕೇಳಿ ನೋಡಿ, ಕುಲ, ಕುಟುಂಬ, ಪ್ರಭೇದ ಎಂದು ನೀವು ಕೈ ಮುಗಿಯುವವರೆಗೆ ಬಿಡುವುದಿಲ್ಲ! ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ನಾನೋ, ಹೋಟೆಲಿನ ಮಶ್ರೂಮ್ ಮಸಾಲೆಯನ್ನೂ ಪಕ್ಕದ ಮೇಜಿನವರು ತಿಂದು ಅರ್ಧ ಗಂಟೆ ಬದುಕಿದ ಮೇಲೆಯೇ ಮುಟ್ಟುವವನು.

ಕಳೆದ ಮಳೆಗಾಲದಲ್ಲಿ ಕಲಬುರಗಿಯ ನಮ್ಮ ಮನೆಗೆ ಬಂದವನು ಬಿಳಿ ಹಾಳೆಯ ಮೇಲೆ ಅಣಬೆಯೊಂದರ ಕೊಡೆಯನ್ನಿಟ್ಟು, ನಮ್ಮದೇ ಸ್ಟೀಲ್ ಬಟ್ಟಲನ್ನು ಬೋರಲು ಹಾಕಿದ. ಉದುರುವ ಪುಡಿಯ ಬಣ್ಣ ನೋಡಿ ಜಾತಿ ಗೊತ್ತುಮಾಡಬೇಕಂತೆ. ಅವನು ಹೋದ ಮೇಲೆ ಆ ಬಟ್ಟಲನ್ನು ಏಳು ಸಲ ತೊಳೆದೆ. ಆಮೇಲೆ ಹೆದರಿಕೆಯಾಗಿ ಸಿಂಕನ್ನೂ ತೊಳೆದೆ. ಕೊನೆಗೆ ಸೋಪನ್ನೇ ಎಸೆದೆ!

ಮುಂದಿನ ಭಾನುವಾರ ಕಾರು ಓಡಿಸಲೆಂದು ನನ್ನನ್ನೇ ಕಮಲಾಪುರದಾಚೆಯ ಕಾಡಿಗೆ ಎಳೆದೊಯ್ದ. ಮರದ ಬುಡದಲ್ಲಿ ಹೆಬ್ಬೆರಳಿನ ಉಗುರಷ್ಟು ಅಣಬೆ. ಕುಂಕುಮಕ್ಕಿಂತ ಕೆಂಪು.

"ಇದರ ಜಾತಿ ನಾಲಿಗಿನೇ ಹೇಳಬೇಕು. ಖಾರ ಇದ್ರ ಒಂದು, ಸಪ್ಪಗಿದ್ರ ಇನ್ನೊಂದು. ಅಗದು ಉಗುಳೋದಷ್ಟ."

"ಬ್ಯಾಡ ಮಾವ, ನನ್ನ ಎದಿ ಡವಡವ ಅನ್ಲಾಕತ್ತೈತಿ."

"ತಿನ್ನಾಂವ ನಾನು, ನಿನ್ನ ಎದಿಗೇನಾತು? ಆಕಡಿ ಸರಿ, ಅಂಜುಬುರುಕ!"

ಚೂರು ಬಾಯಿಗೆ ಬಿದ್ದದ್ದೇ ತಡ, ಅತ್ತೆಯ ಫೋನು.

"ಏನ್ ತಿನ್ಲಾಕತ್ತೀರಿ?"

"ಏನಿಲ್ಲ," ಎಂದ ಮಾವ. ಹಾಗೆನ್ನಲು ಬಾಯಿ ಖಾಲಿಯಿರಬೇಡವೆ? ನುಂಗಿಬಿಟ್ಟಿದ್ದ!

ಕಲಬುರಗಿಯವರೆಗೆ ನಾನು ಹೇಗೆ ಕಾರು ಓಡಿಸಿದೆನೋ! ಮಾವ ಒಮ್ಮೆ ಕೆಮ್ಮಿದರೆ ನಾನು ಎರಡು ಸಲ ಬ್ರೇಕ್ ಒತ್ತುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಅಣಬಿ ರೀ?"

"ಅದನ್ನ ಗೊತ್ತು ಮಾಡಾಕೇ ಬಾಯಾಗ ಹಾಕಿದ್ದು ರೀ," ಎಂದ ಮಾವ.

ಡಾಕ್ಟರು ನಗಲಿಲ್ಲ. "ಕೆಲವು ವಿಷ ಲಗೂನ ತೋರಿಸೂದಿಲ್ಲ. ನಾಳಿ ತನಕ ಇಲ್ಲೇ ಇರ್ರಿ."

ಮಾವ ಚಪ್ಪಲಿ ಬಿಟ್ಟು ತಾನಾಗಿಯೇ ಹಾಸಿಗೆ ಏರಿ ಮಲಗಿದ. ಅದನ್ನು ನೋಡಿ ನಾನು ಅತ್ತೆಗೆ ಫೋನು ಮಾಡಿದೆ.

ಅತ್ತೆ ಬಂದಳು. ಇಷ್ಟು ವರ್ಷ ಅಣಬೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದವಳು. ಬೈಗುಳಕ್ಕೆ ಸಿದ್ಧನಾಗಿ ನಾನೂ ತಲೆ ತಗ್ಗಿಸಿ ನಿಂತೆ. ಅವಳು ಸ್ಟೂಲ್ ಎಳೆದುಕೊಂಡು ಕೂತು ಅವನ ಕೈ ಹಿಡಿದಳು.

"ಹೆಂಗಿತ್ರೀ ಆ ಅಣಬಿ? ಸಾವಕಾಶ ಹೇಳ್ರಿ."

ಮಾವನ ಮುಖಕ್ಕೆ ಜೀವ ಬಂತು. ಕೊಡೆ, ಕಾಂಡ, ಅಡಿಯ ಪದರು, ಅದರ ನೆಂಟರಿಷ್ಟರು, ಎಲ್ಲವನ್ನೂ ಹೇಳತೊಡಗಿದ. ಅತ್ತೆ ಪ್ರತಿ ಮಾತಿಗೂ ಹೂಂಗುಟ್ಟುತ್ತಿದ್ದಳು. ಅವಳ ಎರಡು ಬೆರಳು ಅವನ ನಾಡಿಯ ಮೇಲಿದ್ದವು.