ನಡುಮನೆಯ ನೆಲ ಮತ್ತು ಒಂದು ಗೇಣು ಬಿಸಿಲು

ಹಿಂದಿನ ಕಾಲದ ಖಗೋಳ ಪಂಡಿತರು ಸೂರ್ಯ, ಚಂದ್ರ, ಗ್ರಹಗಳ ನಡಿಗೆಯನ್ನು ಹೇಗೆ ತಿಳಿದುಕೊಂಡರು ಎಂಬುದು ಪುಸ್ತಕಗಳಲ್ಲಿದೆ. ಕೋಲು ನೆಟ್ಟು ನೆರಳು ಅಳೆದರು, ವರ್ಷಗಟ್ಟಲೆ ಗುರುತು ಹಾಕಿದರು. ಆದರೆ ಅವರ ಮನೆಯ ನೆಲವನ್ನು ಯಾರು ಸಾರಿಸುತ್ತಿದ್ದರು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನನ್ನ ಮನೆಯ ನೆಲವನ್ನು ನನ್ನ ಹೆಂಡತಿ ಗಂಗವ್ವ ಸಾರಿಸುತ್ತಿದ್ದಳು. ನನ್ನ ಖಗೋಳಜ್ಞಾನ ಹಾಳಾದದ್ದು, ಆಮೇಲೆ ಉಳಿದದ್ದು, ಎರಡೂ ಅಲ್ಲಿಯೇ.

ಆಗ ನಾನು ಕಲ್ಲೋಳಿಯ ಕನ್ನಡ ಸಾಲೆಯಲ್ಲಿ ಮಾಸ್ತರ. ಗೋಕಾಕದಿಂದ ತಪಾಸಣೆಗೆ ಬರುವ ದಿಪೋಟಿ ಸಾಹೇಬರು ನನ್ನ ಪಾಠ ಕೇಳಿ, ಇದು ಬರೀ ಬಾಯಿಪಾಠ, ಮುಂದಿನ ವರ್ಷವೂ ಹೀಗೇ ಇದ್ದರೆ ಹುಕ್ಕೇರಿಯ ಆಚೆ ಕಣಗಲಾಕ್ಕೆ ವರ್ಗ ಮಾಡಿಸುವೆ ಎಂದಿದ್ದರು. ಗಂಗವ್ವನ ತಾಯಿ ಎರಡು ಓಣಿ ಆಚೆ ಒಬ್ಬಳೇ ಇದ್ದಳು. ಕಣ್ಣು ಕಾಣದು, ಎರಡು ಹೊತ್ತಿನ ರೊಟ್ಟಿ ನಮ್ಮ ಮನೆಯಿಂದಲೇ ಹೋಗಬೇಕು. ಕಣಗಲಾದಿಂದ ರೊಟ್ಟಿ ಕಳಿಸುವುದು ಹೇಗೆ? ಆದ್ದರಿಂದ ನಾನು ಸಾಹೇಬರಿಗೆ ಕಾಗದ ಬರೆದೆ: ಒಂದು ವರ್ಷದ ಸೂರ್ಯನ ನಡಿಗೆಯನ್ನು ಕಣ್ಣಾರೆ ತೋರಿಸುತ್ತೇನೆ. ಆ ಯುಗಾದಿಯ ದಿನವೇ ಶುರುಮಾಡಿ, ನಡುಮನೆಯ ಬೆಳಕಿಂಡಿಯಿಂದ ನಡುಮಧ್ಯಾಹ್ನ ನೆಲಕ್ಕೆ ಬೀಳುವ ಬಿಸಿಲಿನ ಬಿಲ್ಲೆಯ ಸುತ್ತ, ಊಟಕ್ಕೆ ಬಂದಾಗಲೆಲ್ಲ ಸುಣ್ಣದ ಗುರುತು ಹಾಕುತ್ತ ಹೋದೆ. ಗಂಗವ್ವ ಅವನ್ನು ಬಿಟ್ಟು ಸುತ್ತಲಷ್ಟೇ ಸಾರಿಸುತ್ತಿದ್ದಳು. ಮುಂದಿನ ಯುಗಾದಿಗೆ ಎರಡು ದಿನ ಇರುವಾಗ ಸಾಲೆಯಿಂದ ಬಂದು ನೋಡಿದರೆ, ನೆಲ ಸೆಗಣಿಯಿಂದ ಹಸಿರಾಗಿ ಹೊಳೆಯುತ್ತಿತ್ತು. ವರ್ಷವಿಡೀ ಹಾಕಿದ ಗುರುತಿನಲ್ಲಿ ಒಂದೂ ಇಲ್ಲ. ಅಂದು ಯಾವ ವಾರವೋ ನೆನಪಿಲ್ಲ, ಸೋಮವಾರವೆಂದು ಬರೆಯಲು ಕೈ ಮುಂದಾಗುತ್ತದೆ. ಸೋಮವಾರ ಕಥೆಗೆ ಒಪ್ಪುತ್ತದೆ ಎಂಬುದಷ್ಟೇ ಕಾರಣ.

ನಾನು ಕೂಗಾಡಿದೆನೋ, ಗೋಡೆಗೆ ಒರಗಿ ಕೂತೆನೋ ನೆನಪಿಲ್ಲ. ಕೂಗಾಡಿದೆ ಎಂದು ಅವಳು, ಕೂತೆ ಎಂದು ನಾನು. ಹೊಸ ವರ್ಷದ ಹಬ್ಬಕ್ಕೂ ಇಡೀ ನೆಲ ಸಾರಿಸದೆ ಬಿಡುವುದುಂಟೇ ಎಂದು ಅವಳು ಕೇಳಿದಳು. ಆಮೇಲೆ ಸುಣ್ಣ ತಂದು ತಾನೇ ಗುರುತು ಹಾಕತೊಡಗಿದಳು. ಕಾರಹುಣ್ಣಿಮೆಗೆ ಇಲ್ಲಿ, ದಸರೆಗೆ ಇಲ್ಲಿ, ಎಳ್ಳಮಾವಾಸ್ಯೆಗೆ ಅಗೋ ಆ ಗೋಡೆಯ ಹತ್ತಿರ. ಇಷ್ಟು ಅಂದವಾದ ನೆನಪನ್ನು ನಾನು ನಂಬುವವನಲ್ಲ, ಆದರೆ ಬೇರೆ ದಾರಿ ಇರಲಿಲ್ಲ. ಕೊನೆಗೆ ಬೀಸುವ ಕಲ್ಲಿನ ಮೇಲೊಂದು ಗುರುತು ಹಾಕಿದಳು.

"ಹ್ವಾದ ಉಗಾದಿಗೆ ಇಲ್ಲಿ ಬಿದ್ದಿತ್ರಿ. ಈ ಸಲ ಒಂದ ಗೇಣು ಹಿಂದ ಉಳಿತೈತಿ, ಬೇಕಾದ್ರ ನೋಡ್ರಿ."

ಯುಗಾದಿಯ ದಿನ ಬಿಸಿಲು ನಿಜವಾಗಿಯೂ ಕಲ್ಲಿಗೆ ಒಂದು ಗೇಣು ಹಿಂದೆಯೇ ನಿಂತಿತು. ಅದೇ ಹಬ್ಬ, ಅದೇ ಸೂರ್ಯ, ಜಾಗ ಮಾತ್ರ ಬೇರೆ ಹೇಗಾದೀತು? ಅವಳಿಗೆ ನೆನಪು ತಪ್ಪಿದೆಯೆಂದು ತೀರ್ಮಾನಿಸಿ, ಅವಳ ಗುರುತನ್ನು ಒರೆಸಿ, ಎರಡೂ ಯುಗಾದಿಗಳನ್ನು ಒಂದೇ ಕಡೆ ಕೂಡಿಸಿದೆ. ನೆಲ ಬಹಳ ಚೆಂದ ಕಂಡಿತು.

ಮರುದಿನ ಸಾಹೇಬರು ಬಂದರು. ಗುರುತುಗಳ ಉದ್ದಕ್ಕೂ ನಡೆದು, ತಲೆದೂಗಿ, ಯುಗಾದಿಯ ಗುರುತಿನ ಹತ್ತಿರ ಕೈಕೋಲು ಊರಿ ನಿಂತರು.

"ಮಾಸ್ತರ, ಹಬ್ಬಾ ಚಂದ್ರನ ಲೆಕ್ಕದ್ದು, ಬಿಸಿಲು ಸೂರ್ಯಂದು. ಎರಡೂ ವರ್ಷ ಒಂದ ಜಾಗಾದಾಗ ಹೆಂಗ ಬಿತ್ತು?"

ನನ್ನ ಕಣ್ಣ ಮುಂದೆ ಕಣಗಲಾದ ದಾರಿ ಬಿಚ್ಚಿಕೊಂಡಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಮರೆಯಿಂದ ಗಂಗವ್ವನ ದನಿ ಬಂತು.

"ನಾ ಒಂದ ಗೇಣು ಅಂದಿದ್ನಿರಿ, ಸಾಹೇಬ್ರ. ಇವ್ರ ಒರಿಸ್ಯಾರ."

ಸಾಹೇಬರು ನಗುತ್ತ ಬೀಸುವ ಕಲ್ಲಿನ ಪಕ್ಕದಲ್ಲೇ ಕುಳಿತುಬಿಟ್ಟರು. ಚಂದ್ರನ ಹನ್ನೆರಡು ಸುತ್ತು ಮುಗಿದರೂ ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ, ಹಬ್ಬ ಅಷ್ಟು ದಿನ ಮೊದಲೇ ಬಂದದ್ದರಿಂದ ಬಿಸಿಲು ಗೇಣು ಹಿಂದೆ ಉಳಿಯಿತು. ಹಿಂದಿನವರು ಇದನ್ನು ಹೀಗೆಯೇ, ಹೊಂದದ ಗುರುತನ್ನು ಒರೆಸದೆ ಇಟ್ಟುಕೊಂಡದ್ದರಿಂದ ಕಂಡುಕೊಂಡರು. ಅಧಿಕಮಾಸ ಬಂದದ್ದೂ ಆ ಕಡಿಮೆ ತುಂಬಲಿಕ್ಕೇ ಎಂದರು. ಇಷ್ಟನ್ನೂ ಹೇಳುವಾಗ ಅವರು ನೋಡುತ್ತಿದ್ದದ್ದು ಬಾಗಿಲ ಕಡೆಗೆ. ಚಹಾ ಕುಡಿದು, ಸಾಲೆಯ ಷರಾ ಪುಸ್ತಕದಲ್ಲಿ ತಮ್ಮ ಅಭಿಪ್ರಾಯ ಬರೆದು ಹೋದರು: "ಇವರ ಮನೆಯಲ್ಲಿ ಖಗೋಳ ಪಾಠ ಉತ್ತಮವಾಗಿ ನಡೆದಿದೆ, ವರ್ಗ ಬೇಡ. ಮಾಸ್ತರರು ಗಮನವಿಟ್ಟು ಕಲಿಯಬೇಕು."

ಓದು ಬಾರದ ಗಂಗವ್ವ ಓದಿ ಹೇಳಿರೆಂದಳು. ಮೊದಲನೆಯ ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮುಂದಿನ ಸಾಲಿನ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದಳು. ಸಾಹೇಬರ ಸಹಿ ಎಂದೆ.

"ಸಹಿ ಭಾಳ ಉದ್ದ ಐತಲ್ರಿ," ಎಂದು ತಾಯಿಗೆ ರೊಟ್ಟಿ ಕಟ್ಟಲು ಒಳಗೆ ಹೋದಳು.