ಕುಂಬಾರ ಓಣಿ ಅಪಹರಣ ಪ್ರಸಂಗ

ನಕಾಶೆಯ ಮೇಲೆ ಕೆಂಪು ಪೆನ್ಸಿಲಿನ ರೂಪದಿಂದ ಅವತರಿಸಿ, ಒಡಹುಟ್ಟಿದವರ ಮನೆಗಳನ್ನು ಬೇರೆಬೇರೆ ಮತಗಟ್ಟೆಗಳಿಗೆ ಹಂಚಿ, ಒಂದೇ ಗೋಡೆಯ ಎರಡು ಮಗ್ಗುಲಿಗೆ ಇಬ್ಬರು ಸದಸ್ಯರನ್ನು ನೇಮಿಸಿ ಲೀಲೆಯಾಡುವ ಎಲೈ ಗಡಿರೇಖಾದೇವಿಯೇ, ನಿನಗೆ ಶರಣು! ಜನಗಣತಿಯೆಂಬ ಮಹಾಸಾಗರ ಉಕ್ಕಿದಾಗಲೆಲ್ಲ ನೀನು ದಡ ಬದಲಿಸುವೆ. ನಿನ್ನ ಕಟಾಕ್ಷ ಅತ್ತಿತ್ತ ಹೊರಳಿದರೆ ನಿನ್ನೆಯ ಒಂಬತ್ತು ಇಂದಿನ ಹತ್ತಾಗುವುದು, ಅರಸನು ಆಳಾಗುವನು. ಅಂಥ ಯುಗಸಂಧಿಯೊಂದರಲ್ಲಿ ಕೆಂಚನಕಟ್ಟಿ ಪುರಸಭೆಯ ಹನ್ನೊಂದನೇ ವಾರ್ಡನ್ನು ಪಾಲಿಸುತ್ತಿದ್ದ, ಬೀದಿದೀಪಪ್ರತಿಷ್ಠಾಪನಾಚಾರ್ಯನೂ ನಳನೀರಭಗೀರಥನೂ ನಿತ್ಯಶುಭ್ರಧೋತರಧಾರಿಯೂ ಆದ ಶಿವಪುತ್ರಪ್ಪ ಮುದಕವಿಯೆಂಬ ಮಹಾಶೂರನ ಕಥೆಯನ್ನು ಹೇಳಹೊರಟಿರುವ ಈ ನಾಲಗೆ ತೊದಲದಂತೆ ಕಾಪಾಡು.

ಆ ಶೂರನ ಬಲವೆಲ್ಲ ಇದ್ದದ್ದು ಕುಂಬಾರ ಓಣಿಯಲ್ಲಿ. ಉಳಿದ ಓಣಿಗಳು ಚುನಾವಣೆಗೊಮ್ಮೆ ಮನಸ್ಸು ಬದಲಿಸಿದರೂ ಆ ಇಕ್ಕಟ್ಟಾದ, ಆವಿಗೆಯ ಹೊಗೆ ಕವಿದ ಓಣಿ ಮಾತ್ರ ಅವನನ್ನು ಎಂದೂ ಕೈಬಿಟ್ಟಿರಲಿಲ್ಲ. ಆದ್ದರಿಂದಲೇ ಅವನು ಚುನಾವಣೆ ಇಲ್ಲದ ದಿನಗಳಲ್ಲಿ ಅತ್ತ ತಲೆ ಹಾಕುವ ಅಗತ್ಯವನ್ನು ಕಂಡಿರಲಿಲ್ಲ. ಗಟ್ಟಿಯಾದ ಕೋಟೆಗೆ ಯಾರಾದರೂ ಪಹರೆ ಹಾಕುವರೇ?

ಹೀಗಿರಲು ಒಂದು ಸೋಮವಾರ ಪುರಸಭೆಯ ಗೋಡೆಯ ಮೇಲೆ ವಾರ್ಡುಗಳ ಹೊಸ ನಕಾಶೆಯ ಕರಡು ಪ್ರತ್ಯಕ್ಷವಾಯಿತು. ಶಿವಪುತ್ರಪ್ಪ ಕನ್ನಡಕ ಒರೆಸಿಕೊಂಡು, ತನ್ನ ರಾಜ್ಯದ ಎಲ್ಲೆಯ ಮೇಲೆ ಬೆರಳಿಟ್ಟು ಪ್ರದಕ್ಷಿಣೆ ಹೊರಟನು. ಬೆರಳು ಹಿಟ್ಟಿನ ಗಿರಣಿ ದಾಟಿತು, ಹಳೆಯ ದವಾಖಾನೆ ದಾಟಿತು, ಗಟಾರದ ಗುಂಟ ಬಂದಿತು, ಅಲ್ಲಿ ಥಟ್ಟನೆ ನಿಂತಿತು. ಕುಂಬಾರ ಓಣಿ ಗೆರೆಯ ಆಚೆಗಿತ್ತು. ಹನ್ನೆರಡನೇ ವಾರ್ಡಿನಲ್ಲಿ!

ಮಕರಸಂಕ್ರಮಣದ ಸೂರ್ಯನೂ ಅಷ್ಟು ಬೇಗ ದಿಕ್ಕು ಬದಲಿಸುವುದಿಲ್ಲ. ಶಿವಪುತ್ರಪ್ಪನ ಮುಖದ ಬಣ್ಣ ಬದಲಾಯಿತು. ಆಗಲೇ ಹಿಂದಿನಿಂದ ಕಂಚಿನ ಕಂಠವೊಂದು ಕೇಳಿಸಿತು:

"ಏನ್ ಅಣ್ಣಾರ, ನಕಾಶಿ ಭಾಳ ಹೊತ್ತಿನಿಂದ ನೋಡಾಕತ್ತೀರಿ? ಏನರ ಕಳದೈತೇನು?"

ಅವಳೇ ಹನ್ನೆರಡನೇ ವಾರ್ಡಿನ ಸದಸ್ಯೆ, ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುವ ನೀಲವ್ವ ಕುರಡಗಿ, ಜೋಳದರೊಟ್ಟಿತಾಡನಪ್ರಚಂಡಬಾಹು, ಬಾಕಿಗಿರಾಕಿಭಯಂಕರಿ.

"ನೀಲಕ್ಕಾ," ಎಂದು ಶೂರನು ಗುಡುಗಿದನು, "ಆ ಓಣ್ಯಾಗ ಮೊದಲ ನಳ ತಂದಾಂವ ನಾನು. ಕಂಬಕ್ಕ ದೀಪ ಹಾಕಿಸಿದಾಂವ ನಾನು. ಯಾರೋ ಪೆನ್ಸಿಲ್ ಹಿಡದು ಗೆರಿ ಎಳದ್ರ ಆ ಮಂದಿ ನನ್ನ ಬಿಟ್ಟು ಬರ್ತಾರಂತ ತಿಳದೀಯೇನು? ಗುರುವಾರ ಜಿಲ್ಲಾದಿಂದ ಸಾಹೇಬ್ರು ಓಣಿ ನೋಡಾಕ ಬರ್ತಾರ. ಇಡೀ ಓಣಿ ನನ್ನ ಹಿಂದ ನಿಂತು 'ನಾವು ಹನ್ನೊಂದು' ಅಂತ ಕೂಗತೈತಿ. ನೋಡ್ತಿರು!"

"ನೋಡ್ತೀನಿ ಬಿಡ್ರಿ," ಎಂದಳು ನೀಲವ್ವ. "ನಂದೂ ಕಣ್ಣು ಚಲೋ ಅದಾವ."

ಅಂದೇ ಸಂಜೆ ಶಿವಪುತ್ರಪ್ಪ ಸೇನಾಸಂಗ್ರಹಕ್ಕಾಗಿ ಕುಂಬಾರ ಓಣಿಗೆ ದಯಮಾಡಿಸಿದನು. ಓಣಿಯ ಬಾಯಲ್ಲಿ ಗಟಾರವೊಂದು ಅಡ್ಡ ಹರಿಯುತ್ತಿತ್ತು. ದಾಟಲೆಂದು ಅದರ ಮೇಲೆ ಹಾಸಿದ್ದ ಫರಸಿಕಲ್ಲು ಎಂದೋ ಮುರಿದು ಒಳಗೆ ಬಿದ್ದಿತ್ತು. ಶೂರನು ಪ್ರತಿ ಚುನಾವಣೆಯಲ್ಲೂ ಮಾಡುತ್ತಿದ್ದಂತೆ ಧೋತರದ ಚುಂಗು ಎತ್ತಿ, ಸಮುದ್ರಲಂಘನಸದೃಶವಾದ ಒಂದು ಜಿಗಿತದಲ್ಲಿ ಅದನ್ನು ದಾಟಿ, ಓಣಿಯ ನಡುವೆ ನಿಂತು ಕೈಯೆತ್ತಿದನು.

"ನನ್ನ ಬಂಧುಗಳಿರಾ! ನಮ್ಮನ್ನ ಅಗಲಸಾಕ ಹೊಂಟಾರ! ತಾಯಿಯಿಂದ ಕೂಸಿನ್ನ ಕಸಗೊಂಡಂಗ ನನ್ನಿಂದ ನಿಮ್ಮನ್ನ..."

"ಅದಿರ್ಲಿ ಯಪ್ಪಾ," ಎಂದು ಜಗಲಿಯ ಮೇಲಿಂದ ಒಂದು ಧ್ವನಿ ಬಂತು. ಗಡಿಗೆ ಮಾರುವ ಸಿದ್ದವ್ವ. ಓಣಿಗೆಲ್ಲ ಹಿರಿಯಳಾದ ಅವಳು ಏನಂದರೆ ಓಣಿ ಅದನ್ನೇ ಅನ್ನುತ್ತಿತ್ತು. "ಗಟಾರಕ್ಕ ಫರಸಿ ಯಾವಾಗ ಹಾಕಸ್ತಿ?"

ಆಗ ಶೂರನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಮೊಣಕಾಲಿನಿಂದ ಕೆಳಗೆ ಬಟ್ಟೆ ಸುತ್ತಿತ್ತು.

"ಇದೇನಾತು ಆಯಿ?"

"ಬಿದ್ದೆ. ತಲಿ ಮ್ಯಾಲ ಗಡಿಗಿ ಬುಟ್ಟಿ ಇತ್ತು, ಕೆಳಗ ಕಾಣಲಿಲ್ಲ. ಗಡಿಗಿ ಎಲ್ಲಾ ಹೋದವು, ಕಾಲೂ ಹೋತು. ನಿನಗ ಜಿಗ್ಯಾಕ ಬರತೈತಿ, ನನಗ ಬರೂದಿಲ್ಲಲ್ಲೋ ಪುತ್ರಪ್ಪಾ."

ಓಣಿ ನಕ್ಕಿತು. ಶೂರನಿಗೆ ನಗಲಾಗಲಿಲ್ಲ. ಎದೆಗೆ ಎಂಥ ಟೀಕೆ ಬಡಿದರೂ ಕುಗ್ಗದವನು, ಆ ಕೊಳೆಯಾದ ಬಟ್ಟೆಯ ಸುತ್ತನ್ನು ನೋಡಲಾರದೆ ಬೇರೆ ಕಡೆ ಮುಖ ತಿರುವಿದನು.

"ಹನ್ನೊಂದೋ ಹನ್ನೆರಡೋ, ನಮಗೇನು ತಿಳೀತೈತಿ?" ಎಂದಳು ಸಿದ್ದವ್ವ. "ಯಾರು ಫರಸಿ ಹಾಕಸ್ತಾರ, ನಾವು ಅವರ ವಾರ್ಡು. ಹೋಗು."

ಈ ಘೋಷಣೆ ಗಾಳಿಗಿಂತ ವೇಗವಾಗಿ ಸಂಚರಿಸಿ ನೀಲವ್ವನ ಖಾನಾವಳಿಯನ್ನು ಸೇರಿತು.

ಗುರುವಾರ ಸೂರ್ಯೋದಯವಾಯಿತು. ಪೂರ್ವದಿಕ್ಕಿನಿಂದ ಟ್ರ್ಯಾಕ್ಟರಾರೂಢನಾಗಿ, ಫರಸಿಕಲ್ಲಿನೊಡನೆ, ಇಸ್ತ್ರಿಮಾಡಿದ ಬಿಳಿ ಅಂಗಿಯ ಅನುಚರರಿಂದ ಪರಿವೃತನಾಗಿ ಶಿವಪುತ್ರಪ್ಪ ಬಂದನು. ಪಶ್ಚಿಮದಿಕ್ಕಿನಿಂದ ಟಂಟಂ ಗಾಡಿಯಲ್ಲಿ ಮತ್ತೊಂದು ಫರಸಿಯನ್ನೂ ಖಾನಾವಳಿಯ ಇಬ್ಬರು ಅಡಿಗೆಯವರನ್ನೂ ಹೇರಿಕೊಂಡು ನೀಲವ್ವ ಬಂದಳು. ಗಟಾರದ ಎರಡು ದಂಡೆಗಳಲ್ಲಿ ಎರಡು ಸೈನ್ಯಗಳು ನಿಂತವು. ನಡುವೆ ಆ ವೈತರಣಿಯು ಸೊಳ್ಳೆಗಳನ್ನು ಎಬ್ಬಿಸುತ್ತ ಮೆಲ್ಲಗೆ ಹರಿಯುತ್ತಿತ್ತು.

"ಹಿಂದ ಸರಿ ನೀಲಕ್ಕಾ! ಇದು ನನ್ನ ಗಟಾರ!"

"ಇಷ್ಟು ವರ್ಷ ನಿಮ್ಮದ ಇತ್ತಲ್ಲ ಅಣ್ಣಾರ, ಏನ್ ಮಾಡಿದ್ರಿ? ಈಗ ನಂದು. ನಕಾಶಿ ನೋಡ್ರಿ."

ಶೂರನು ಅನುಚರರತ್ತ ತಿರುಗಿ "ಇಳೀರಲೇ!" ಎಂದು ಆಜ್ಞಾಪಿಸಿದನು. ಅನುಚರರು ಒಬ್ಬರ ಅಂಗಿಯನ್ನೊಬ್ಬರು ನೋಡಿದರು. ಒಬ್ಬನಿಗೆ ಫೋನು ಬಂತು. ಇನ್ನೊಬ್ಬನಿಗೆ ಬೆನ್ನು ಹಿಡಿಯಿತು. ಸಿದ್ದವ್ವ ಜಗಲಿಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು.

ಆಗ ಶಿವಪುತ್ರಪ್ಪ, ಸಮಸ್ತ ಕೆಂಚನಕಟ್ಟಿ ಬೆಚ್ಚಿಬೀಳುವಂತೆ, ಧೋತರವನ್ನು ಮೇಲೆತ್ತಿ ಕಟ್ಟಿ, ಚಪ್ಪಲಿ ಕಳಚಿ, ಸ್ವತಃ ಗಟಾರಕ್ಕಿಳಿದನು! ರಾಡಿ ಮೊಣಕಾಲಿಗೇರಿತು. ದುರ್ಗಂಧವು ನಾಸಿಕವನ್ನು ಭೇದಿಸಿತು. ಆದರೂ ಕದಲದೆ ಅವನು ಕೈಚಾಚಿದನು. ಟ್ರ್ಯಾಕ್ಟರಿನವನು ಕಲ್ಲನ್ನು ಇಳಿಬಿಟ್ಟನು. ವಿಧಿವಿಲಾಸವೇ! ಅಳತೆ ಮಾಡದೆ ತಂದ ಆ ಕಲ್ಲು ಒಂದು ಗೇಣು ಸಣ್ಣದಾಗಿ, ಗುಳುಂ ಎಂದು ಗಟಾರದೊಳಗೇ ಬಿದ್ದು ಶೂರನಿಗೆ ಮೀಸೆಯವರೆಗೆ ಅಭಿಷೇಕ ಮಾಡಿತು.

ನೀಲವ್ವ ನಗಲಿಲ್ಲ, ಅವಳಿಗೆ ಪುರಸತ್ತಿರಲಿಲ್ಲ. ಅವಳ ಕಲ್ಲು ಸರಿಯಾದ ಅಳತೆಯದು, ಆದರೆ ಬಲು ಭಾರದ್ದು. ಅಡಿಗೆಯವರಿಬ್ಬರೂ ಅದನ್ನು ದಂಡೆಯವರೆಗೆ ತಂದು ಮುಂದೆ ದೂಡಲಾರದೆ ಏದುಸಿರು ಬಿಡುತ್ತಿದ್ದರು. ಕಲ್ಲಿನ ತುದಿ ವಾಲಿತು. ಕೆಳಗೆ ಶಿವಪುತ್ರಪ್ಪ.

"ಅಣ್ಣಾರ, ಸರೀರಿ!"

ಅವನು ಸರಿಯಲಿಲ್ಲ. ಬೀಳುವ ಕಲ್ಲಿಗೆ ಭುಜ ಕೊಟ್ಟನು. ತನ್ನ ರಾಜ್ಯವನ್ನು ಕಸಿಯಲು ಬಂದ ವೈರಿಯ ಕಲ್ಲು ಅದೆಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲೇ ಇಲ್ಲ. ಹಲ್ಲು ಕಚ್ಚಿ, ಕೊರಳ ನರ ಬಿಗಿದು ಮೇಲೆತ್ತಿದನು. ಮೇಲಿಂದ ನೀಲವ್ವ ಸೆರಗು ಸಿಗಿಸಿಕೊಂಡು ಎಳೆದಳು. ಫರಸಿಕಲ್ಲು ಎರಡೂ ದಂಡೆಗಳ ಮೇಲೆ ಕೂತಿತು.

ಸರಿಯಾಗಿ ಆಗಲೇ ಜಿಲ್ಲೆಯ ಅಧಿಕಾರಿ ಜೀಪಿನಿಂದಿಳಿದರು.

"ನೋಡ್ರಿ ಸಾಹೇಬ್ರ, ಹನ್ನೊಂದನೇ ವಾರ್ಡು!" ಎಂದು ಕಲ್ಲಿನ ಪಕ್ಕದಿಂದ ಒಂದು ಕೆಸರುಮುಖ ಕೂಗಿತು.

"ಹನ್ನೆರಡ್ರೀ!" ಎಂದಳು ನೀಲವ್ವ.

ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಹೇಳಿದರು: "ಇದು ಕುಂಬಾರ ಓಣಿ ತಾನೆ? ನೀವಿಬ್ಬರೂ ಹಳೇ ಕರಡು ನೋಡಿದೀರಿ. ಜನಸಂಖ್ಯೆ ಸರಿಹೋಗಲಿಲ್ಲ ಅಂತ ನಿನ್ನೆ ತಿದ್ದುಪಡಿ ಆಗಿದೆ. ಇದನ್ನ ಹದಿಮೂರಕ್ಕೆ ಸೇರಿಸಿದೀವಿ."

ಹದಿಮೂರನೇ ವಾರ್ಡಿನ ಸದಸ್ಯ ಯಾರೆಂಬುದೇ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಿದ್ದವ್ವ ಕೋಲೂರಿಕೊಂಡು ಜಗಲಿ ಇಳಿದಳು. ಫರಸಿಯ ಮೇಲೆ ಒಳ್ಳೆಯ ಕಾಲಿಟ್ಟಳು. ಆಮೇಲೆ ಬಟ್ಟೆ ಸುತ್ತಿದ ಕಾಲು. ಆಚೆ ಹೋದಳು, ಮತ್ತೆ ಈಚೆ ಬಂದಳು. "ಅಳ್ಳಾಡೂದಿಲ್ಲ," ಎಂದಳು. ಬಾಗಿ, ತನ್ನ ಕೋಲಿನ ತುದಿಯನ್ನು ಶಿವಪುತ್ರಪ್ಪನತ್ತ ಚಾಚಿದಳು. "ಮ್ಯಾಲ ಬಾ ಪುತ್ರಪ್ಪಾ. ನೆಗಡಿ ಆದೀತು."

ಅವನು ಆ ಕೋಲು ಹಿಡಿದು ಮೇಲೆ ಬಂದನು. ಇನ್ನೆಂದೂ ತನಗೆ ಒಂದು ಮತವನ್ನೂ ಹಾಕಲಾರದ ಓಣಿಯನ್ನು ಒಮ್ಮೆ ಉದ್ದಕ್ಕೂ ನೋಡಿದನು. ಏಕೆಂದು ತಿಳಿಯದೆ ಮನಸ್ಸು ಹಗುರವಾಯಿತು.

"ಮಧ್ಯಾಹ್ನ ಖಾನಾವಳಿಗೆ ಬರ್ರಿ ಅಣ್ಣಾರ," ಎಂದಳು ನೀಲವ್ವ, ಎರಡು ಹೆಜ್ಜೆ ಹಿಂದೆ ಸರಿದು. "ಜಳಕ ಮಾಡ್ಕೊಂಡು ಬರ್ರಿ."

ಹೀಗೆ ಪರರಾಜ್ಯದಲ್ಲಿ ಸೇತುಬಂಧನಗೈದ, ವೈರಿಯಿಂದಲೇ ಭೋಜನಕ್ಕೆ ಆಹ್ವಾನಿತನಾದ, ಪಂಕಲಿಪ್ತಸರ್ವಾಂಗಸುಂದರನಾದ ಆ ಮಹಾಶೂರನು, ನಾಯಿಗಳ ಜಯಘೋಷದ ನಡುವೆ ಪೇಟೆಬೀದಿಯನ್ನು ಹಾದು ಸ್ವಗೃಹದ ಮಹಾದ್ವಾರಕ್ಕೆ ಬಂದಾಗ, ಅವನ ಪತ್ನಿ ಗಿರಿಜವ್ವ ಹೊಸ್ತಿಲಿಗೆ ಕಸಬರಿಗೆ ಅಡ್ಡ ಹಿಡಿದಳು.

"ಅಲ್ಲೇ ನಿಂದರ್ರಿ! ಹಿತ್ತಲಕಡಿಂದ ಬರ್ರಿ."

ಶೂರನು ಮನೆಯನ್ನು ಸುತ್ತುಹಾಕಿ, ಬಚ್ಚಲಿಗೆ ಹೊಕ್ಕು, ತಂಬಿಗೆ ಎತ್ತಿಕೊಂಡು, ಸ್ವಲ್ಪ ಹೊತ್ತಿನ ಬಳಿಕ ಬಾಗಿಲಿನ ಸಂದಿಯಿಂದ ಮೆಲ್ಲಗೆ ಕೇಳಿದನು:

"ಸಾಬಾಣ ಎಲ್ಲೈತಿ?"

"ತೀರೈತ್ರಿ," ಎಂದಳು ಗಿರಿಜವ್ವ.